ಟೇಲರ್ ಸಾಹೇಬ, ಸುರಪುರದ ಎಳೆ ರಾಜ ಮತ್ತು ನಮ್ಮ ಪಿಎಚ್‌ಸಿಯ ಮೆಂಟರ್

ಈಗ ಎಲ್ಲಿ ನೋಡಿದರೂ 'ಮೆಂಟರ್' ಎಂಬ ಮಾತು ಕೇಳಿಸುತ್ತದೆ. ಹೊಸದಾಗಿ ಸೇರಿದ ಮೇಷ್ಟ್ರಿಗೆ ಮೆಂಟರ್. ಪಿಎಚ್‌ಸಿ ಹೆರಿಗೆ ರೂಮಿನ ಸಿಸ್ಟರ್‌ಗೆ ಮೆಂಟರ್. ಐಟಿಐ ಮುಗಿಸಿ ಬೆಂಗಳೂರು, ಹೈದರಾಬಾದ್ ಕಂಪನಿಗೆ ಅಪ್ರೆಂಟಿಸ್ ಹೋದ ನಮ್ಮ ಹುಡುಗರಿಗೂ ಮೆಂಟರ್. ಅನುಭವ ಇರುವವರು ಹೊಸಬರ ಪಕ್ಕದಲ್ಲಿ ನಿಂತು ಕೆಲಸ ಕಲಿಸಬೇಕು, ದಾರಿ ತೋರಿಸಬೇಕು ಎಂಬುದು ಇದರ ಅರ್ಥ.

ಮೊದಲ ಭೇಟಿಯಲ್ಲಿ ಇಬ್ಬರೂ ಕೂತು ಒಂದು ಪ್ಲಾನ್ ಮಾಡಬೇಕು ಎಂಬುದು ಈ ವ್ಯವಸ್ಥೆಯ ನಿಯಮ. ಏನು ಕಲಿಯಬೇಕು, ಎಷ್ಟು ದಿನದಲ್ಲಿ, ಯಾರು ಏನು ಮಾಡಬೇಕು ಅಂತ ಮಾತಾಡಿ ಬರೆದುಕೊಳ್ಳಬೇಕು. ಎಷ್ಟೋ ಕಡೆ ಇದು ಹೆಸರಿಗೆ ಮಾತ್ರ ನಡೆಯುತ್ತದೆ. ದೊಡ್ಡವರು ಹೇಳುತ್ತಾರೆ, ಸಣ್ಣವರು ತಲೆ ಅಲ್ಲಾಡಿಸುತ್ತಾರೆ, ಫಾರಂ ತುಂಬಿ ಸಹಿ ಮಾಡಿದರೆ ಮುಗಿಯಿತು.

ಆ ಮಾತುಕತೆಯಲ್ಲಿ ಅಂಥದ್ದೇನಿದೆ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಉತ್ತರ ಇದೆ. ಸುಮಾರು 180 ವರ್ಷಗಳ ಹಿಂದೆ ಸುರಪುರದಲ್ಲಿ ಒಬ್ಬ ಮಾರ್ಗದರ್ಶಕನೂ ಒಬ್ಬ ಹುಡುಗನೂ ಇದ್ದರು. ಹನ್ನೊಂದು-ಹನ್ನೆರಡು ವರ್ಷ ಜೊತೆಗಿದ್ದರು. ಹುಡುಗ ಅವನನ್ನು 'ಅಪ್ಪಾ' ಅಂತಲೇ ಕರೆಯುತ್ತಿದ್ದ. ಮುದನಾಳ ಕಡೆಯಿಂದ ಯಾದಗಿರಿ, ಶಹಾಪುರ ಹಾದು ಸುರಪುರಕ್ಕೆ ಬಸ್ಸಿನಲ್ಲಿ ಹೋಗಿಬರುವ ನಮ್ಮಲ್ಲಿ ಹೆಚ್ಚಿನವರಿಗೆ ಈ ಕಥೆಯ ಕೊನೆ ಗೊತ್ತು, ನಡುವಿನದು ಅಷ್ಟಾಗಿ ಗೊತ್ತಿಲ್ಲ. ಈ ಲೇಖನ ಆ ನಡುವಿನ ಭಾಗದ ಬಗ್ಗೆ.

ಸಾಲದ ಸಂಸ್ಥಾನ, ಎಂಟು ವರ್ಷದ ರಾಜ

ಸುರಪುರ ಬೇಡರ ನಾಯಕರ ಸಂಸ್ಥಾನ. ಈ ಮನೆತನದ ಗಟ್ಟಿತನ ಔರಂಗಜೇಬನಿಗೂ ಗೊತ್ತಿತ್ತು. 1705ರಲ್ಲಿ ಆ ಮುದುಕ ಬಾದಶಹ ತಾನೇ ಬಂದು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅವನು ಖುದ್ದು ನಡೆಸಿದ ಕೊನೆಯ ದೊಡ್ಡ ಮುತ್ತಿಗೆ ಅದು. ಕೋಟೆ ಬಿತ್ತು, ನಾಯಕರು ಮಾತ್ರ ಕೈಗೆ ಸಿಗಲಿಲ್ಲ. ಎರಡು ವರ್ಷದಲ್ಲಿ ಬಾದಶಹ ತೀರಿಕೊಂಡ. ನಾಯಕರು ಸುರಪುರದ ಗುಡ್ಡದ ನಡುವೆ ರಾಜಧಾನಿ ಕಟ್ಟಿಕೊಂಡು ಆಳಿದರು.

ನೂರು ವರ್ಷ ಕಳೆಯುವಷ್ಟರಲ್ಲಿ ಕಾಲ ಬದಲಾಗಿತ್ತು. ಮೇಲೆ ಹೈದರಾಬಾದಿನ ನಿಜಾಮ, ಅವನ ಮೇಲೆ ಈಸ್ಟ್ ಇಂಡಿಯಾ ಕಂಪನಿ. ಸುರಪುರ ನಿಜಾಮನಿಗೆ ಪೇಶ್‌ಕಷ್, ಅಂದರೆ ಕಪ್ಪ, ಕಟ್ಟಬೇಕಿತ್ತು. ಹೊಸ ರಾಜ ಗಾದಿಗೆ ಬಂದಾಗ ಬೇರೆ ನಜರಾನೆ. ಇವೆಲ್ಲ ಸೇರಿ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ಬಾಕಿ ವಸೂಲಿ ನೆಪದಲ್ಲಿ ಕಂಪನಿಯ ಅಧಿಕಾರಿಗಳು ಒಳಗೆ ಕೈಹಾಕಲು ಶುರುಮಾಡಿದರು.

1840ರ ದಶಕದ ಆರಂಭದಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ನಾಯಕನಿಗೆ ಆಗ ಏಳೆಂಟು ವರ್ಷ. ತಾಯಿ ರಾಣಿ ಈಶ್ವರಮ್ಮ ಆಡಳಿತ ತನ್ನ ಕೈಯಲ್ಲಿರಲಿ ಎಂದಳು. ತೀರಿಕೊಂಡ ರಾಜನ ತಮ್ಮ ಪಿಡ್ಡ ನಾಯಕನ ಕಡೆ ಇನ್ನೊಂದು ಗುಂಪು. ಅರಮನೆಯಲ್ಲಿ ಜಗಳ, ಊರಲ್ಲಿ ಆಯುಧ ಹಿಡಿದ ಬೇಡರ ಪಡೆ, ಖಜಾನೆ ಖಾಲಿ. ಇಂಥ ಹೊತ್ತಿನಲ್ಲಿ ಹೈದರಾಬಾದಿನ ರೆಸಿಡೆಂಟ್ ಜನರಲ್ ಫ್ರೇಸರ್ ಸುರಪುರದ ಹೊಣೆ ಹೊರಿಸಿದ್ದು ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್ ಮೇಲೆ.

ತಾನಾಗಿ ಕಲಿತ ಸಾಹೇಬ

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಹದಿನೈದನೇ ವಯಸ್ಸಿಗೆ ಬೊಂಬಾಯಿಗೆ ಬಂದ. ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಕೆಲಸ ಕಲಿತು ಮುಂದೆ ಪಾಲುದಾರ ಆಗುವುದು ಅಂತ ಮನೆಯವರು ಮಾತಾಡಿ ಕಳಿಸಿದ್ದರು. ಬಂದು ನೋಡಿದರೆ ಆ ವ್ಯಾಪಾರಿಯೇ ಮುಳುಗುವ ಸ್ಥಿತಿಯಲ್ಲಿದ್ದ. ಆಮೇಲೆ ಬೊಂಬಾಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸಂಬಂಧಿಕರೊಬ್ಬರು ಅವನಿಗೆ ನಿಜಾಮನ ಸೈನ್ಯದಲ್ಲಿ ಕೆಲಸ ಕೊಡಿಸಿದರು.

ಅಲ್ಲಿಂದ ಮುಂದೆ ಎಲ್ಲವನ್ನೂ ತಾನಾಗಿ ಕಲಿತ. ನಮ್ಮ ಜನರ ಭಾಷೆ, ಭೂಮಿ ಅಳೆಯುವುದು, ಕಾನೂನು, ಕಟ್ಟಡ ಕೆಲಸ, ಚಿತ್ರ ಬಿಡಿಸುವುದು ಎಲ್ಲವೂ ಅವನ ಕೈಗೆ ಬಂದವು. ಠಕ್ಕರ ಬಗ್ಗೆ ಅವನು ಬರೆದ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಬಹಳ ಹೆಸರು ಮಾಡಿತು. 1840ರಿಂದ 1853ರವರೆಗೆ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಇಲ್ಲಿಂದ ಸುದ್ದಿ ಬರೆದು ಕಳಿಸುತ್ತಿದ್ದ. ಅಂದರೆ ಸುರಪುರದಲ್ಲಿ ಕೂತಿದ್ದಷ್ಟು ಕಾಲವೂ ಅವನು ಒಂಥರಾ ಸ್ಟ್ರಿಂಗರ್. ನಮ್ಮಂಥ ಜಿಲ್ಲಾ ವರದಿಗಾರರಿಗೆ ಹಳೆಯ ಅಣ್ಣ ಅಂತ ಬೇಕಾದರೆ ಹೇಳಬಹುದು.

ಅವನು ಸುರಪುರದಲ್ಲಿ ಮಾಡಿದ ಕೆಲಸ ಕಡಿಮೆಯಲ್ಲ. ಕಂದಾಯದ ಲೆಕ್ಕ ಸರಿಪಡಿಸಿದ, ಸಾಲ ತೀರಿಸುವ ದಾರಿ ಮಾಡಿದ, ರಸ್ತೆ ಹಾಕಿಸಿದ, ಕೆರೆಗಳನ್ನು ರಿಪೇರಿ ಮಾಡಿಸಿದ. ಇವತ್ತು ಪಕ್ಷಿಧಾಮ ಎಂದು ಹೆಸರಾಗಿರುವ ಬೋನಾಳ ಕೆರೆ ನಾಯಕರ ಕಾಲದ್ದು. ಅದನ್ನು ಟೇಲರ್ ದೊಡ್ಡದು ಮಾಡಿ ಗಟ್ಟಿಗೊಳಿಸಿದ. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಬಂಗಲೆಯನ್ನು ಜನ ಈಗಲೂ ಟೇಲರ್ ಮಂಜಿಲ್ ಎನ್ನುತ್ತಾರೆ. ಶಹಾಪುರ ಹತ್ತಿರದ ವಿಭೂತಿಹಳ್ಳಿಯ ಸಾಲುಗಲ್ಲುಗಳು, ರಾಜನಕೋಳೂರಿನ ಕಲ್ಲುಗೋರಿಗಳು ಆದಿಮಾನವರ ಕಾಲದ ಗುರುತುಗಳು ಎಂದು ಗಮನಿಸಿ, ಅಳತೆ ತೆಗೆದು, ಪ್ರಪಂಚಕ್ಕೆ ತಿಳಿಸಿದವನೂ ಅವನೇ.

ಇಂಥ ಚುರುಕಿನ, ಜನರ ಮೇಲೆ ಪ್ರೀತಿ ಇದ್ದ ಮನುಷ್ಯ ಒಬ್ಬ ಹುಡುಗನಿಗೆ ಮಾರ್ಗದರ್ಶಕನಾಗಿ ಸಿಕ್ಕರೆ ಎಲ್ಲ ಸರಿಹೋಗಬೇಕಿತ್ತಲ್ಲ? ಯಾಕೆ ಸರಿಹೋಗಲಿಲ್ಲ?

ಪ್ಲಾನ್ ಇತ್ತು, ಅದು ಹುಡುಗನದಾಗಿರಲಿಲ್ಲ

ಟೇಲರ್ ಕೊನೆಗಾಲದಲ್ಲಿ ಆತ್ಮಕಥೆ ಬರೆದ. ಅವನು ತೀರಿಕೊಂಡ ಮೇಲೆ 1877ರಲ್ಲಿ ಮಗಳು ಅದನ್ನು ಅಚ್ಚು ಹಾಕಿಸಿದಳು. ಸುರಪುರದ ಈ ವರ್ಷಗಳ ಬಗ್ಗೆ ನಮಗೆ ಸಿಗುವ ಮಾಹಿತಿಯಲ್ಲಿ ಬಹಳಷ್ಟು ಅದರಿಂದಲೇ ಬಂದದ್ದು. ಅದನ್ನು ಓದುವಾಗ ಒಂದು ವಿಷಯ ನೆನಪಿಟ್ಟುಕೊಳ್ಳಬೇಕು. ಅದು ಸಾಹೇಬನ ಪುಸ್ತಕ. ಹುಡುಗ ತನ್ನ ಕಥೆ ಬರೆಯಲಿಲ್ಲ.

ಟೇಲರ್‌ನ ಪ್ಲಾನ್ ಹೀಗಿತ್ತು. ಸಾಲ ತೀರಬೇಕು, ಲೆಕ್ಕ ಸರಿಯಾಗಬೇಕು, ಹುಡುಗ ವಿದ್ಯೆ ಕಲಿಯಬೇಕು, ಅರಮನೆಯ ಕೆಟ್ಟ ಸಹವಾಸದಿಂದ ದೂರ ಇರಬೇಕು. ಪ್ರಾಯಕ್ಕೆ ಬಂದ ದಿನ ಸಾಲವಿಲ್ಲದ, ಶಿಸ್ತಿನ ಸಂಸ್ಥಾನವನ್ನು ಅವನ ಕೈಗೆ ಕೊಡಬೇಕು.

ಕೇಳುವುದಕ್ಕೆ ಒಳ್ಳೆಯ ಪ್ಲಾನೇ. ಆದರೆ ಇದನ್ನು ಮಾಡಿದವರು ಯಾರು ನೋಡಿ. ಟೇಲರ್ ಬರೆದ, ಹೈದರಾಬಾದಿನ ರೆಸಿಡೆಂಟ್ ಒಪ್ಪಿದ, ಕಲ್ಕತ್ತಾದ ಕಂಪನಿ ಸರ್ಕಾರ ಮುದ್ರೆ ಒತ್ತಿತು. ರಾಣಿ ಈಶ್ವರಮ್ಮ ಈ ಪ್ಲಾನಿನಲ್ಲಿ ಅಡ್ಡಿ ಎನ್ನಿಸಿಕೊಂಡಳು. ಆಯುಧ ಹಿಡಿದ ಬೇಡರು ಸಂಭಾಳಿಸಬೇಕಾದ ಸಮಸ್ಯೆ ಎನ್ನಿಸಿಕೊಂಡರು. ಹುಡುಗನಿಗೆ ಆಸ್ತಿಯ ವಾರಸುದಾರನ ಜಾಗ ಇತ್ತು, ಅವನ ಪಾಲಿಗೆ ಇದ್ದದ್ದು ಕಾಯುವ ಕೆಲಸ.

ನಾಯಕರ ಮನೆತನದಲ್ಲಿ ಹುಟ್ಟಿದ ಹುಡುಗನಿಗೆ ತನ್ನ ಹಿರಿಯರು ಬಾದಶಹನನ್ನೇ ಎದುರಿಸಿದ್ದರು ಎಂಬುದು ಗೊತ್ತಿರದೇ ಇರಲು ಸಾಧ್ಯವಿಲ್ಲ. ಬೆಳೆಯುತ್ತಾ ಅವನು ನೋಡಿದ್ದು ಬೇರೆ. ತನ್ನ ಹೆಸರಿನಲ್ಲಿ ಬೇರೆಯವರು ಆಳುತ್ತಾರೆ, ತನ್ನ ಖಜಾನೆಯ ಕೀಲಿ ಬೇರೆಯವರ ಹತ್ತಿರ. ದೊಡ್ಡವನಾದ ಮೇಲೆ ನಾನು ಏನಾಗಬೇಕು, ಕಂಪನಿಗೆ ಎಷ್ಟು ತಲೆಬಾಗಬೇಕು, ನಮ್ಮ ಬೇಡರ ಪಡೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳು ಅವನೊಳಗೆ ಇದ್ದೇ ಇರುತ್ತವೆ. ಅವನ್ನು ಅವನು ಯಾರ ಹತ್ತಿರ ಮಾತಾಡಬೇಕಿತ್ತು?

ಟೇಲರ್ ಹತ್ತಿರ ಮಾತಾಡುವುದು ಕಷ್ಟ, ಯಾಕೆಂದರೆ ಟೇಲರ್‌ಗೆ ಎರಡು ಕೆಲಸ ಇದ್ದವು. ಮನೆಯೊಳಗೆ ಅವನು 'ಅಪ್ಪ'. ಕಚೇರಿಯಲ್ಲಿ ಅವನು ಪೊಲಿಟಿಕಲ್ ಏಜೆಂಟ್. ಹುಡುಗನ ಬಗ್ಗೆ ಹೈದರಾಬಾದಿಗೆ ವರದಿ ಬರೆಯುವವನೂ ಅವನೇ. ನಿಮ್ಮ ಮನಸ್ಸಿನ ಗೊಂದಲ ಕೇಳುವವರೇ ನಿಮ್ಮ ಮೇಲಿನ ಫೈಲು ಬರೆಯುವವರೂ ಆದರೆ ನೀವು ಎಷ್ಟು ಬಾಯಿ ಬಿಡುತ್ತೀರಿ? ಹನ್ನೆರಡು ವರ್ಷದ ಹುಡುಗ ಬಿಡಿ, ನಲವತ್ತು ವರ್ಷದ ನೌಕರರೂ ಬಿಡುವುದಿಲ್ಲ.

ಈ ನಡುವೆ ಅರಮನೆಯಲ್ಲಿ ಇನ್ನೊಂದು ಪ್ಲಾನ್ ಇತ್ತು. ಅದು ಜಾತಕ. ಹುಡುಗ ಇಪ್ಪತ್ನಾಲ್ಕನೇ ವಯಸ್ಸು ದಾಟುವುದಿಲ್ಲ ಎಂದು ಹುಟ್ಟಿದಾಗಲೇ ಜೋಯಿಸರು ಹೇಳಿದ್ದರಂತೆ. ರಾಣಿ ಈ ಗುಟ್ಟನ್ನು ತನಗೆ ಹೇಳಿದಳು ಎಂದು ಟೇಲರ್ ಬರೆದಿದ್ದಾನೆ. ಅವನು ಅದನ್ನು ನಂಬಲಿಲ್ಲ. ನಂಬುವುದು ಬಿಡುವುದು ಬೇರೆ ಮಾತು. ನಮಗೆ ಇಲ್ಲಿ ಮುಖ್ಯವಾದದ್ದು ಏನೆಂದರೆ, ಹುಡುಗನ ಭವಿಷ್ಯದ ಬಗ್ಗೆ ಕಂಪನಿಯ ಹತ್ತಿರ ಒಂದು ಕಾಗದ, ಜೋಯಿಸರ ಹತ್ತಿರ ಇನ್ನೊಂದು ಕಾಗದ. ಎರಡರಲ್ಲೂ ಅವನ ಮಾತು ಒಂದೂ ಇರಲಿಲ್ಲ.

1853: ಕೊಟ್ಟು ಹೋದರು

1853ರಲ್ಲಿ ರಾಜ ಪ್ರಾಯಕ್ಕೆ ಬಂದ. ಕಂಪನಿ ಸರ್ಕಾರದ ತೀರ್ಮಾನದಂತೆ ಆಡಳಿತವನ್ನು ಅವನ ಕೈಗೆ ಕೊಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ನಿಜಾಮನ ಜೊತೆ ಒಪ್ಪಂದ ಆಗಿ ಬೇರಾರ್, ನಳದುರ್ಗ, ರಾಯಚೂರು ದೋಅಬ್ ಪ್ರದೇಶಗಳು ಕಂಪನಿಯ ಆಡಳಿತಕ್ಕೆ ಬಂದವು. ಅನುಭವಿ ಅಧಿಕಾರಿ ಬೇಕಾಗಿದ್ದರಿಂದ ಟೇಲರ್‌ನನ್ನು ನಳದುರ್ಗದ ಕಡೆಗೆ ಕಳಿಸಿದರು.

ಮಾರ್ಗದರ್ಶನ ಇಲ್ಲಿಗೆ ನಿಂತುಹೋಯಿತು. ನಿನ್ನೆಯವರೆಗೆ ಎಲ್ಲವನ್ನೂ ಸಾಹೇಬ ನೋಡುತ್ತಿದ್ದ, ಇವತ್ತಿನಿಂದ ಎಲ್ಲವೂ ಹತ್ತೊಂಬತ್ತರ ಆಸುಪಾಸಿನ ಯುವಕನ ತಲೆಯ ಮೇಲೆ. ನಡುವೆ ಮೆಟ್ಟಿಲು ಇರಲಿಲ್ಲ. ಮೊದಲು ಒಂದು ಪರಗಣೆ ನೀನು ನೋಡಿಕೋ, ಆಮೇಲೆ ಖಜಾನೆ, ಆಮೇಲೆ ಪಡೆ, ತಪ್ಪಾದರೆ ಕೂತು ಮಾತಾಡೋಣ ಎಂಬ ಏರ್ಪಾಡು ಆಗಲಿಲ್ಲ. ಮನೆ ಕಟ್ಟಿಸಿ ಕೀಲಿ ಕೊಟ್ಟು ಹೋದ ಹಾಗೆ ಆಯಿತು. ಮನೆ ಚೆನ್ನಾಗಿತ್ತು, ಅದನ್ನು ಕಟ್ಟುವ ಕೆಲಸದಲ್ಲಿ ಅದರೊಳಗೆ ಇರಬೇಕಾದವನ ಕೈ ಇರಲಿಲ್ಲ.

ಕೆಲವೇ ವರ್ಷದಲ್ಲಿ ಸಂಸ್ಥಾನ ಮತ್ತೆ ಸಾಲಕ್ಕೆ ಬಿತ್ತು ಎಂದು ಟೇಲರ್ ಬರೆದಿದ್ದಾನೆ. ರಾಜನ ಸಹವಾಸ ಕೆಟ್ಟಿತು ಎಂದೂ ಬರೆದಿದ್ದಾನೆ. ಇದು ಅವನ ಮಾತು, ಅಷ್ಟಕ್ಕೇ ತೆಗೆದುಕೊಳ್ಳೋಣ.

1858: ಹುಡುಗನ ಸ್ವಂತ ತೀರ್ಮಾನ

1857ರಲ್ಲಿ ಉತ್ತರದಲ್ಲಿ ದಂಗೆ ಎದ್ದಿತು. ದಕ್ಷಿಣದಲ್ಲೂ ಗುಸುಗುಸು ಶುರುವಾಯಿತು. ಸುರಪುರದಲ್ಲಿ ಬೇಡರ ಜೊತೆಗೆ ಅರಬರು, ರೋಹಿಲರು ಸೇರುತ್ತಿದ್ದಾರೆ ಎಂಬ ಸುದ್ದಿ ಹೈದರಾಬಾದಿಗೆ ಮುಟ್ಟಿತು. ರಾಜನಿಗೆ ಬುದ್ಧಿ ಹೇಳಲು ಕ್ಯಾಪ್ಟನ್ ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯನ್ನು ಕಳಿಸಿದರು. ಇಪ್ಪತ್ಮೂರು-ಇಪ್ಪತ್ನಾಲ್ಕರ ರಾಜನಿಗೆ ಮತ್ತೊಬ್ಬ ಬುದ್ಧಿ ಹೇಳುವವನು. ಕೆಲಸ ಆಗಲಿಲ್ಲ.

1858ರ ಫೆಬ್ರವರಿ ಮೊದಲ ವಾರದಲ್ಲಿ ಕ್ಯಾಪ್ಟನ್ ವಿಂಡಮ್‌ನ ಸೈನ್ಯ ಸುರಪುರದ ಹೊರಗೆ ಬೀಡುಬಿಟ್ಟಿತು. ರಾತ್ರಿ ರಾಜನ ಪಡೆ ಅದರ ಮೇಲೆ ಬಿತ್ತು. ಮರುದಿನ ಬ್ರಿಟಿಷರಿಗೆ ಹೆಚ್ಚಿನ ಸೈನ್ಯ ಬಂತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಊರು ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ರಾಜ ರಾತ್ರಿ ಹೊರಟು ಹೈದರಾಬಾದ್ ಸೇರಿದ. ಅಲ್ಲಿ ದಿವಾನ ಸಾಲಾರ್ ಜಂಗ್‌ನ ಕಡೆಯವರು ಹಿಡಿದು ಬ್ರಿಟಿಷ್ ರೆಸಿಡೆಂಟ್‌ಗೆ ಒಪ್ಪಿಸಿದರು.

ಸುರಪುರದ ಜನ ಈ ರಾಜನನ್ನು ಸ್ವಾತಂತ್ರ್ಯದ ಮೊದಲ ಹೋರಾಟಗಾರರಲ್ಲಿ ಒಬ್ಬ ಎಂದು ನೆನೆಯುತ್ತಾರೆ. ಟೇಲರ್ ಮಾತ್ರ ಇದನ್ನು ದಾರಿ ತಪ್ಪಿದ ಮಗನ ಕಥೆಯ ಹಾಗೆ ಬರೆದಿದ್ದಾನೆ. ಈ ಎರಡು ನೋಟಗಳ ನಡುವಿನ ದೂರವೇ ನಮ್ಮ ವಿಷಯ. ರಾಜನಿಗೆ ತನ್ನದೇ ಆದ ಒಂದು ಉದ್ದೇಶ ಇತ್ತು. ಅದು ಸರಿಯೋ ತಪ್ಪೋ, ಗೆಲ್ಲುವಂಥದ್ದೋ ಅಲ್ಲವೋ, ಅದು ಅವನದು. ಅಷ್ಟು ವರ್ಷ ಜೊತೆಗಿದ್ದ ಮಾರ್ಗದರ್ಶಕನಿಗೆ ಆ ಉದ್ದೇಶದ ಸುಳಿವು ಸಿಕ್ಕಿರಲಿಲ್ಲ.

ಜೈಲಿನ ಮಾತುಕತೆ

ಆಗ ಬೇರಾರ್‌ನಲ್ಲಿದ್ದ ಟೇಲರ್‌ನನ್ನು ಮತ್ತೆ ಸುರಪುರಕ್ಕೆ ನೇಮಿಸಿದರು. ದಾರಿಯಲ್ಲಿ ಹೈದರಾಬಾದಿಗೆ ಬಂದಾಗ ಕಾವಲಿನಲ್ಲಿದ್ದ ರಾಜನನ್ನು ನೋಡಲು ಹೋದ. ರಾಜ 'ಅಪ್ಪಾ' ಎಂದು ಅವನನ್ನು ತಬ್ಬಿಕೊಂಡು ಅತ್ತ ಎಂದು ಟೇಲರ್ ಬರೆದಿದ್ದಾನೆ.

ರೆಸಿಡೆಂಟ್‌ರ ಹತ್ತಿರ ಹೋಗಿ ಎಲ್ಲ ಹೇಳಿಬಿಡು, ನಿನ್ನನ್ನು ಎತ್ತಿಕಟ್ಟಿದವರು ಯಾರು ತಿಳಿಸು, ಜೀವ ಉಳಿದೀತು ಎಂಬ ಮಾತು ಅಲ್ಲಿ ಬಂತು. ರಾಜ ಒಪ್ಪಲಿಲ್ಲ. ಯಾರ ಹೆಸರನ್ನೂ ಹೇಳಲಿಲ್ಲ, ಕ್ಷಮೆ ಬೇಡಲು ಹೋಗಲಿಲ್ಲ. ಕಳ್ಳನ ಹಾಗೆ ಗಲ್ಲಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ, ಅಂಜುವುದಿಲ್ಲ ಎಂಬರ್ಥದ ಮಾತು ಹೇಳಿದ.

ಇದನ್ನು ಬರೆದಿಟ್ಟವನು ಟೇಲರ್. ಎದುರು ಪಕ್ಷದವನೇ ಬರೆದ ಮಾತು ಎಂಬುದರಿಂದ ಅದಕ್ಕೆ ತೂಕ ಹೆಚ್ಚು. ಹುಡುಗ ತನಗೆ ಏನು ಬೇಕು, ಏನು ಬೇಡ ಎಂದು ತನ್ನ ಮಾರ್ಗದರ್ಶಕನ ಎದುರು ಇಷ್ಟು ಸ್ಪಷ್ಟವಾಗಿ ಹೇಳಿದ್ದು ಜೈಲಿನಲ್ಲಿ. ಆಗಲೂ ಟೇಲರ್ ಎರಡು ಪಾತ್ರದಲ್ಲೇ ಇದ್ದ. ಅಪ್ಪನಾಗಿ ನೋಡಲು ಹೋದ, ಅಧಿಕಾರಿಯಾಗಿ ಹೆಸರು ಕೇಳಿದ.

ಮರಣದಂಡನೆ ಮೊದಲು ಜೀವಾವಧಿ ಗಡಿಪಾರಿಗೆ ಇಳಿಯಿತು. ಆಮೇಲೆ ಗವರ್ನರ್ ಜನರಲ್ ಅದನ್ನು ಮದ್ರಾಸ್ ಕಡೆಯ ಕೋಟೆಯೊಂದರಲ್ಲಿ ನಾಲ್ಕು ವರ್ಷದ ಬಂಧನ ಎಂದು ಕಡಿಮೆ ಮಾಡಿದರು. ನಡತೆ ಚೆನ್ನಾಗಿದ್ದರೆ ಸಂಸ್ಥಾನ ವಾಪಸ್ ಸಿಗುವ ಸೂಚನೆಯೂ ಇತ್ತು. ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲೇ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ತೀರಿಕೊಂಡ. ತಾನೇ ಹೊಡೆದುಕೊಂಡ ಎಂದು ಬ್ರಿಟಿಷರ ದಾಖಲೆ. ಅದನ್ನು ನಂಬದ ಜನ ಸುರಪುರದಲ್ಲಿ ಇದ್ದಾರೆ, ಅವರ ಅನುಮಾನಕ್ಕೂ ಕಾರಣ ಇದೆ. ಅವನಿಗೆ ಆಗ ಇಪ್ಪತ್ನಾಲ್ಕರ ಆಸುಪಾಸು.

1860ರ ಡಿಸೆಂಬರ್ ಒಪ್ಪಂದದಲ್ಲಿ ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು. ಟೇಲರ್ ಅದೇ ವರ್ಷ ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಹೋದ. ನಮ್ಮ ಭಾಗ 1948ರವರೆಗೆ ನಿಜಾಮನ ಆಡಳಿತದಲ್ಲೇ ಉಳಿಯಿತು.

ನೂರೈವತ್ತು ವರ್ಷದ ನಂತರ, ಹೆರಿಗೆ ರೂಮಿನಲ್ಲಿ

ಈಗ ಅರಮನೆ ಬಿಟ್ಟು ಪಿಎಚ್‌ಸಿಗೆ ಬರೋಣ. ಹಿರಿಯರು ಕಿರಿಯರಿಗೆ ಕೆಲಸ ಕಲಿಸುವ ಇನ್ನೊಂದು ಪ್ರಯೋಗ ಇದೇ ನೆಲದಲ್ಲಿ ನಡೆಯಿತು. ಅದರಲ್ಲಿ ಪ್ಲಾನ್ ಮಾಡುವ ರೀತಿಯೇ ಬೇರೆ ಇತ್ತು.

2009ರ ಹೊತ್ತಿಗೆ ಕಲ್ಯಾಣ ಕರ್ನಾಟಕದಲ್ಲಿ ಬಾಣಂತಿಯರ, ಹಸುಗೂಸುಗಳ ಸಾವು ರಾಜ್ಯದ ಬೇರೆ ಭಾಗಗಳಿಗಿಂತ ಜಾಸ್ತಿ ಇತ್ತು. ಹೆರಿಗೆಗೆ ಆಸ್ಪತ್ರೆಗೆ ಬನ್ನಿ ಎಂದು ಸರ್ಕಾರ ಹೇಳಿತು, ಜನ ಬಂದರು. ಆದರೆ ರಾತ್ರಿ ಎರಡು ಗಂಟೆಗೆ ಪಿಎಚ್‌ಸಿಯಲ್ಲಿ ಒಬ್ಬರೇ ಇರುವ ಸ್ಟಾಫ್ ನರ್ಸ್ ಏನು ಮಾಡಬೇಕು? ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ, ಬಿಪಿ ಏರಿ ಫಿಟ್ಸ್ ಬಂದರೆ, ಮಗು ಅಳದಿದ್ದರೆ? ಟ್ರೇನಿಂಗ್ ಜಿಲ್ಲಾ ಕೇಂದ್ರದ ಹಾಲ್‌ನಲ್ಲಿ ಆಗಿರುತ್ತದೆ. ಎದುರು ನಿಜವಾದ ಹೆಂಗಸು ನರಳುತ್ತಿರುವಾಗ ಅದು ಕೈಗೆ ಬರಬೇಕಲ್ಲ.

ಆಗ ರಾಜ್ಯ ಸರ್ಕಾರದ ಜೊತೆ ಸೇರಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮೊದಲಾದವರು 'ಸುಕ್ಷೇಮ' ಎಂಬ ಯೋಜನೆ ನಡೆಸಿದರು. ಹಣ ಕೊಟ್ಟಿದ್ದು ಗೇಟ್ಸ್ ಫೌಂಡೇಷನ್. ಯಾದಗಿರಿ, ಕಲಬುರಗಿ, ರಾಯಚೂರು, ಬೀದರ್, ಬಳ್ಳಾರಿ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ಹೀಗೆ ಎಂಟು ಜಿಲ್ಲೆ ಅದರಲ್ಲಿ ಇದ್ದವು. ನರ್ಸ್ ಮೆಂಟರ್ ಎಂಬ ಕೆಲಸ ಆ ಯೋಜನೆಯಲ್ಲಿ ಹುಟ್ಟಿತು. ಮೊದಲು ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ ಪಿಎಚ್‌ಸಿಗಳಲ್ಲಿ ಪ್ರಯೋಗ ಮಾಡಿ ನೋಡಿದರು, ಆಮೇಲೆ ಉಳಿದ ಜಿಲ್ಲೆಗಳಿಗೆ ಹಬ್ಬಿಸಿದರು.

ಕೆಲಸ ನಡೆಯುವ ರೀತಿ ಹೀಗೆ. ಮೆಂಟರ್ ಕೂಡ ನರ್ಸೇ. ವಾರಗಟ್ಟಲೆ ತರಬೇತಿ ಪಡೆದವರು. ಒಬ್ಬೊಬ್ಬರಿಗೆ ಐದಾರು ಪಿಎಚ್‌ಸಿ. ಸುಮಾರು ಎರಡು ತಿಂಗಳಿಗೊಮ್ಮೆ ಬಂದು ಎರಡು ಮೂರು ದಿನ ಅಲ್ಲೇ ಇರುತ್ತಿದ್ದರು. ಹೆರಿಗೆ ಬಂದರೆ ಸಿಸ್ಟರ್ ಪಕ್ಕದಲ್ಲಿ ನಿಲ್ಲುತ್ತಿದ್ದರು. ಹೆರಿಗೆ ಇಲ್ಲದ ಹೊತ್ತಿನಲ್ಲಿ ಗೊಂಬೆ ಇಟ್ಟುಕೊಂಡು ಕೈ ಅಭ್ಯಾಸ, ಹಳೆಯ ಕೇಸ್ ಶೀಟ್ ತೆಗೆದು ಓದುವುದು.

ಪ್ಲಾನ್ ಮಾತುಕತೆ ಮಾತ್ರ ಮೆಂಟರ್ ಮಾತಿನಿಂದ ಶುರುವಾಗುತ್ತಿರಲಿಲ್ಲ. ಮೊದಲು ಪಿಎಚ್‌ಸಿಯವರೇ, ಡಾಕ್ಟರು, ಸಿಸ್ಟರುಗಳು, ಉಳಿದ ಸಿಬ್ಬಂದಿ ಎಲ್ಲರೂ ಕೂತು ಒಂದು ಪಟ್ಟಿ ಹಿಡಿದು ತಮ್ಮನ್ನು ತಾವೇ ನೋಡಿಕೊಳ್ಳಬೇಕಿತ್ತು. ನಮ್ಮಲ್ಲಿ ಏನಿದೆ, ಏನಿಲ್ಲ, ಯಾಕಿಲ್ಲ. ಆಮೇಲೆ ಅದನ್ನು ಸರಿಪಡಿಸಲು ಯಾರು ಏನು ಮಾಡುತ್ತಾರೆ, ಯಾವಾಗ ಎಂದು ಬರೆಯಬೇಕಿತ್ತು. ಮುಂದಿನ ಸಲ ಮೆಂಟರ್ ಬಂದಾಗ ಅದೇ ಹಾಳೆ ತೆಗೆದು ಕೂರುವುದು.

ಒಂದು ಉದಾಹರಣೆ ಹೇಳುತ್ತೇನೆ, ಪ್ಲಾನ್ ಎಷ್ಟು ಸಣ್ಣದಿರಬಹುದು ಎಂಬುದು ಗೊತ್ತಾಗಲಿ. ಮಗು ಹೊರಗೆ ಬಂದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟರೆ ರಕ್ತಸ್ರಾವದ ಅಪಾಯ ಬಹಳ ಕಡಿಮೆಯಾಗುತ್ತದೆ. ಇದು ಎಲ್ಲ ಸಿಸ್ಟರ್‌ಗೂ ಗೊತ್ತು. ಆದರೂ ತಡವಾಗುತ್ತದೆ. 'ಯಾಕೆ ತಡ ಮಾಡಿದಿರಿ' ಎಂದು ಗದರಿದರೆ ಉತ್ತರ ಸಿಗುವುದಿಲ್ಲ. 'ತಡ ಯಾಕಾಗುತ್ತೆ ಸಿಸ್ಟರ್' ಎಂದು ಪಕ್ಕ ಕೂತು ಕೇಳಿದರೆ ಕಾರಣ ಹೊರಗೆ ಬರುತ್ತದೆ. ಔಷಧಿ ಫ್ರಿಜ್‌ನಲ್ಲಿರುತ್ತದೆ, ಫ್ರಿಜ್ ಬೇರೆ ರೂಮಿನಲ್ಲಿದೆ, ಆ ಹೊತ್ತಿಗೆ ನಾನು ಒಬ್ಬಳೇ. ಪ್ಲಾನ್ ಅಲ್ಲೇ ತಯಾರು. ಹೆರಿಗೆ ಹತ್ತಿರ ಬಂತು ಎಂದಾಗಲೇ ಇಂಜೆಕ್ಷನ್ ತುಂಬಿ ಟ್ರೇಯಲ್ಲಿ ಇಟ್ಟುಕೊಳ್ಳುವುದು. ಖರ್ಚಿಲ್ಲ, ಆರ್ಡರ್ ಬೇಕಿಲ್ಲ. ಆದರೆ ಕಾರಣ ಗೊತ್ತಿದ್ದದ್ದು ಸಿಸ್ಟರ್‌ಗೆ ಮಾತ್ರ.

ಅವರು ಕಾರಣ ಹೇಳಿದ್ದು ಯಾಕೆ? ಮೆಂಟರ್ ಇನ್‌ಸ್ಪೆಕ್ಷನ್‌ಗೆ ಬಂದವರಲ್ಲ ಎಂಬ ನಂಬಿಕೆ ಇದ್ದಾಗ ಮಾತ್ರ ಬಾಯಿ ತೆರೆಯುತ್ತದೆ. ನೋಟಿಸ್ ಕೊಡುವ, ವರ್ಗ ಮಾಡಿಸುವ ಅಧಿಕಾರ ಮೆಂಟರ್ ಕೈಯಲ್ಲಿ ಇರಲಿಲ್ಲ. ತಪ್ಪು ಹುಡುಕುವುದು ಅವರ ಕೆಲಸ ಆಗಿರಲಿಲ್ಲ. ಟೇಲರ್ ಸಾಹೇಬನಲ್ಲಿ ಒಟ್ಟಿಗೆ ಸೇರಿಕೊಂಡಿದ್ದ ಎರಡು ಪಾತ್ರವನ್ನು ಇಲ್ಲಿ ಬೇರೆ ಮಾಡಿದ್ದರು.

ಮೆಂಟರ್ ಹೋಗಿಬಂದ ಪಿಎಚ್‌ಸಿಗಳನ್ನೂ ಹೋಗದ ಪಿಎಚ್‌ಸಿಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. ಮೆಂಟರ್ ಇದ್ದ ಕಡೆ ಔಷಧಿ, ಸಾಮಾನಿನ ಸಿದ್ಧತೆ ಮತ್ತು ತೊಡಕಿನ ಹೆರಿಗೆ ಬಂದಾಗ ಏನು ಮಾಡಬೇಕೆಂಬ ಸಿಬ್ಬಂದಿಯ ತಿಳಿವಳಿಕೆ ಎರಡೂ ಉತ್ತಮ ಇದ್ದವು.

ಹಾಗಂತ ಇದು ಎಲ್ಲಕ್ಕೂ ಮದ್ದು ಎನ್ನಲಾಗದು. ಸಿಸ್ಟರ್ ಎಷ್ಟೇ ಚೆನ್ನಾಗಿ ಪ್ಲಾನ್ ಮಾಡಿದರೂ ಔಷಧಿ ಸ್ಟಾಕ್ ಜಿಲ್ಲೆಯಿಂದ ಬರಬೇಕು, ಆಂಬುಲೆನ್ಸ್ ಬರಬೇಕು, ಮೇಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಇರಬೇಕು. ಕಲಿತ ಸಿಸ್ಟರ್ ವರ್ಗವಾಗಿ ಹೋದರೆ ಮತ್ತೆ ಮೊದಲಿನಿಂದ ಶುರು. ಯೋಜನೆ ಎಂದ ಮೇಲೆ ಅದಕ್ಕೊಂದು ಕೊನೆಯ ದಿನ ಇರುತ್ತದೆ. 2017ರ ಕೊನೆಯಲ್ಲಿ ಕೇಂದ್ರ ಸರ್ಕಾರ ಹೆರಿಗೆ ಕೋಣೆಗಳ ಗುಣಮಟ್ಟಕ್ಕೆಂದು 'ಲಕ್ಷ್ಯ' ಕಾರ್ಯಕ್ರಮ ತಂದಾಗ ಅದರಲ್ಲೂ ಮೆಂಟರಿಂಗ್ ಸೇರಿಸಿತು. ಆದರೆ ಅದರ ಗಮನ ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳ ಕಡೆ. ಮೆಂಟರ್ ಹೋದ ಮೇಲೆ ಏನು ಎಂಬ ಪ್ರಶ್ನೆ 1853ರಲ್ಲೂ ಇತ್ತು, ಈಗಲೂ ಇದೆ.

ನಮಗೇನು?

ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಈಗ ಯಾರಾದರೊಬ್ಬರು ಮೆಂಟರ್ ಕೈಕೆಳಗೆ ಕಲಿಯುತ್ತಿದ್ದಾರೆ. ಕೆಲವರು ತಾವೇ ಮೆಂಟರ್ ಆಗಿದ್ದಾರೆ. ಸ್ವಸಹಾಯ ಸಂಘದಲ್ಲಿ ಹೊಸ ಗುಂಪಿಗೆ ಲೆಕ್ಕ ಕಲಿಸುವ ಅಕ್ಕನೂ ಮೆಂಟರೇ, ಗ್ಯಾರೇಜಿನಲ್ಲಿ ಹುಡುಗನಿಗೆ ಸ್ಪ್ಯಾನರ್ ಹಿಡಿಯಲು ಕಲಿಸುವ ಮೇಸ್ತ್ರಿಯೂ ಮೆಂಟರೇ. ಸುರಪುರದ ಕಥೆಯಿಂದಲೂ ಹೆರಿಗೆ ರೂಮಿನ ಕಥೆಯಿಂದಲೂ ಇವರಿಗೆ ಉಪಯೋಗಕ್ಕೆ ಬರುವ ಮಾತುಗಳಿವೆ.

ಕಲಿಸುವವರು ನೀವಾಗಿದ್ದರೆ, ನಿಮ್ಮ ಪ್ಲಾನ್ ಹೇಳುವ ಮೊದಲು ಎದುರಿಗಿರುವವರ ಮಾತು ಕೇಳಿ. ನಿನಗೆ ಯಾವುದು ಬರುತ್ತೆ, ಯಾವುದು ಬರಲ್ಲ, ಯಾವುದಕ್ಕೆ ಅಂಜಿಕೆ, ಮುಂದೆ ಏನಾಗಬೇಕಂತಿದ್ದಿ ಎಂದು ಕೇಳಿ, ಅವರ ಮಾತಿನಲ್ಲೇ ಅವರ ಕೈಯಿಂದಲೇ ಬರೆಸಿ. ಅವರ ಗುಟ್ಟು ಮೇಲಿನವರಿಗೆ ಹೋಗುತ್ತದೆಯೋ ಇಲ್ಲವೋ ಎಂಬುದನ್ನು ಮೊದಲೇ ನೇರವಾಗಿ ಹೇಳಿಬಿಡಿ. ಹೋಗುವುದಾದರೆ ಅದನ್ನೂ ಹೇಳಿ. ಕೆಲಸವನ್ನು ಒಂದೇ ದ್ವಾರದಲ್ಲಿ ಒಪ್ಪಿಸಿ ಹೋಗಬೇಡಿ, ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡಿ, ತಪ್ಪಾದರೆ ಪಕ್ಕದಲ್ಲಿರಿ.

ಕಲಿಯುವವರು ನೀವಾಗಿದ್ದರೆ, ತಲೆ ಅಲ್ಲಾಡಿಸಿ ಸಹಿ ಹಾಕಬೇಡಿ. ಪ್ಲಾನಿನಲ್ಲಿ ನೀವು ಹೇಳಿದ ಮಾತು ಒಂದಾದರೂ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ. ಹಾಗೆ ಕೇಳುವುದು ಅಗೌರವ ಆಗುವುದಿಲ್ಲ. ಮನಸ್ಸಿನಲ್ಲಿರುವುದನ್ನು ಹೇಳುವಷ್ಟು ನಂಬಿಕೆ ಬಾರದಿದ್ದರೆ, ನಂಬಬಹುದಾದ ಇನ್ನೊಬ್ಬರನ್ನು ಹುಡುಕಿಕೊಳ್ಳಿ.

ಟೇಲರ್ ಕೆಟ್ಟವನಾಗಿರಲಿಲ್ಲ. ಅವನು ನೀರಿನ ಬಗ್ಗೆ ಮಾಡಿದ ಪ್ಲಾನ್ ಎಷ್ಟು ಸರಿ ಇತ್ತೆಂದರೆ ಬೋನಾಳ ಕೆರೆಗೆ ಇವತ್ತಿಗೂ ದೂರದ ಹಕ್ಕಿಗಳು ಬರುತ್ತವೆ. ಕೆರೆ ಕಟ್ಟುವ ಮೊದಲು ಅವನು ನೆಲದ ಇಳಿಜಾರು ಅಳೆದ, ಹಳ್ಳದ ನೀರು ಯಾವ ಕಡೆ ಹರಿಯುತ್ತದೆ ನೋಡಿದ. ನೀರು ತಾನಾಗಿ ಹೋಗುವ ದಾರಿ ತಿಳಿಯದೆ ಏರಿ ಹಾಕಿದರೆ ಮೊದಲ ಮಳೆಗೇ ಒಡೆಯುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಹುಡುಗನ ಮನಸ್ಸು ಯಾವ ಕಡೆ ಹರಿಯುತ್ತಿದೆ ಎಂದು ಕೇಳಿ ತಿಳಿಯಲು ಅವನಿಗೂ ಅವನ ಸರ್ಕಾರಕ್ಕೂ ಹನ್ನೊಂದು ವರ್ಷ ಸಮಯ ಇತ್ತು.